ಹಕ್ಕಿಯ ಬೆನ್ನು ಬರೆದ ಅರಸ

“ಕೇಳ್ರಪ್ಪೋ ಕೇಳಿ! ಬಿಳಿಕಲ್ಲೂರಿನ ಅರಸರ ಅಪ್ಪಣೆ ಕೇಳಿ! ಅರಮನೆ ಹಿತ್ತಲ ಕೊಳದ ಬಗ್ಗೆ ಅರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರು ಬೇಡಿದ್ದು ಪಡೆಯುತ್ತಾರೆ. ತಪ್ಪಿದವರ ತಲೆ ಬರುವ ಹುಣ್ಣಿಮೆಗೆ ಹೋಗುತ್ತದೆ. ಸರಿಯೋ ತಪ್ಪೋ ಎಂದು ಹೇಳುವವರು ಪಂಡಿತರಲ್ಲ, ಹಕ್ಕಿಗಳು!”

ಡಂಗುರದ ಸದ್ದು ಗುಡ್ಡದ ಮೇಲಿನ ಈಶ್ವರನ ಗುಡಿಗೂ ಕೇಳಿಸಿತು. ಅಲ್ಲಿ ಲಿಂಗದ ಮೇಲೆ ಹನಿ ಬೀಳಿಸುತ್ತ ತೂಗುವ ಧಾರಾಪಾತ್ರೆಗೆ ನೀರು ತುಂಬುತ್ತಿದ್ದ ಓಬಳನ ಕೈ ನಿಂತುಬಿಟ್ಟಿತು. ಆ ಕೊಳ ಕಟ್ಟಿದವನು ಅವನ ಅಣ್ಣ, ಕಲ್ಲುಕುಟಿಗ ತಿಪ್ಪ. ಅದೇ ಕೊಳದ ದೆಸೆಯಿಂದ ತಿಪ್ಪ ಈಗ ಸೆರೆಯಲ್ಲಿದ್ದ, ಅವನ ತಲೆಗೂ ಹುಣ್ಣಿಮೆಯೇ ಗಡುವು.

ಆದದ್ದಿಷ್ಟು. ರಾಣಿ ಪದ್ಮಲೆ ಕಾಲಿನ ಸ್ವಾಧೀನ ತಪ್ಪಿ ಒಳಕೋಣೆಯಲ್ಲಿ ಮಲಗಿದ್ದಳು. ನಡೆದಾಡುವಾಗ ಹಿತ್ತಲಿಗೆ ಬರುವ ಹಕ್ಕಿಗಳನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದವಳು ಅವಳು. ಅವಳಿಗಾಗಿ ಅರಸ ಚೆನ್ನಮಲ್ಲ ಉಪ್ಪರಿಗೆಯಲ್ಲಿ ಕೂತು ಹಕ್ಕಿಗಳ ಚಿತ್ರ ಬರೆದು ತಂದು ತೋರಿಸುತ್ತಿದ್ದ. ರಾಣಿ “ಚೆನ್ನಾಗಿದೆ” ಎಂದು ಗೋಡೆಯ ಕಡೆ ಹೊರಳುತ್ತಿದ್ದಳು. ಹಕ್ಕಿಗಳು ಹೆಚ್ಚು ಬಂದರೆ ಚಿತ್ರಕ್ಕೆ ಜೀವ ಬಂದೀತೆಂದು ಅರಸ ದೊಡ್ಡ ಕೊಳ ಕಟ್ಟಿಸಿದ. ಬರುತ್ತಿದ್ದ ನಾಲ್ಕು ಹಕ್ಕಿಗಳೂ ಬರುವುದನ್ನು ಬಿಟ್ಟವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಅರಸ ಕೊಳ ಕಟ್ಟಿದವನನ್ನು ಹಿಡಿಸಿ ಒಳಗೆ ಹಾಕಿದ.

ಓಬಳ ಬರುವಷ್ಟರಲ್ಲಿ ಕೊಳದ ಸುತ್ತ ಜನವೋ ಜನ. ಅರಸ ಉಪ್ಪರಿಗೆಯಿಂದ ಮೊದಲ ಒಗಟು ಹೇಳಿದ: “ಇಲ್ಲಿ ಆನೆ ಮುಳುಗುವಷ್ಟು ನೀರಿದೆ. ಆದರೂ ಗುಬ್ಬಿ ಬಾಯಾರಿ ಹೋಗುತ್ತದೆ. ಏಕೆ?”

ಆಸ್ಥಾನದ ಕವಿ ಮುಂದೆ ಬಂದ. “ಪ್ರಭುಗಳ ತೇಜಸ್ಸು ನೀರಿನಲ್ಲಿ ಹೊಳೆದು ಗುಬ್ಬಿಯ ಕಣ್ಣು ಕುಕ್ಕುತ್ತಿದೆ” ಎಂದ. ನೀರಿಗೆ ತಾವರೆ ಎಲೆ ಹೊದಿಸಿ ನೋಡಿದರು. ಗುಬ್ಬಿ ಬರಲಿಲ್ಲ, ಕವಿ ಸೆರೆಮನೆಗೆ ನಡೆದ. ಸಾಹುಕಾರನೊಬ್ಬ “ನೀರು ಸಾಲದು” ಎಂದು ಇನ್ನೊಂದಾಳು ಆಳ ತೋಡಿಸಿದ. ಅವನಿಗೆ ಕವಿಯ ಪಕ್ಕದಲ್ಲೇ ಚಾಪೆ ಹಾಸಿದರು. ಎಲ್ಲರ ತಲೆಯನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಕತ್ತಿಯನ್ನು ಒಂದೇ ಸಲ ಮಸೆದರಾಯಿತು ಎಂಬುದು ಅರಸನ ಲೆಕ್ಕ.

ಓಬಳ ಕೈಮುಗಿದ. “ಬುದ್ಧಿ, ಉತ್ತರ ಹೇಳೋಕೆ ಮುಂಚೆ ಕೊಳದ ಹತ್ರ ಒಂದಿಷ್ಟು ಹೊತ್ತು ಕೂತ್ಕೊಳ್ಳಲಾ?”

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅರಸ ಒಪ್ಪಿದ. ಜನ ಚದುರಿದ ಮೇಲೆ ಒಂದು ಗುಬ್ಬಿ ಬಂದು ನುಣ್ಣನೆಯ ಅಂಚಿನಲ್ಲಿ ಜಾರಿತು, ಕತ್ತು ಚಾಚಿತು, ನೀರು ಎಟುಕದೆ ಹಾರಿಹೋಯಿತು. ಓಬಳನಿಗೆ ಗುಡಿಯ ಹೊರಗಿನ ಕಲ್ಲಿನ ಕಾಲುವೆ ನೆನಪಾಯಿತು. ಅಭಿಷೇಕದ ನೀರು ಅಲ್ಲಿ ತೆಳ್ಳಗೆ ಹರಿಯುತ್ತದೆ, ಅದರಲ್ಲಿ ಮೀಯುವ ಗುಬ್ಬಿಗಳು ಪೂಜಾರಿಯ ಪಂಚೆಯನ್ನೂ ನೆನೆಸುತ್ತವೆ.

“ಗುಬ್ಬಿಗೆ ಮೊಣಕಾಲು ದಾಟಿದ ನೀರೆಲ್ಲ ಸಮುದ್ರಾನೇ ಬುದ್ಧಿ. ಕಾಲೂರೋಕೆ ಒರಟು ಜಾಗ ಬೇಕು. ಅಪ್ಪಣೆ ಆದಷ್ಟು ಆಳ, ಅಪ್ಪಣೆ ಆದಷ್ಟು ನುಣುಪು ಮಾಡಿದಾನೆ ನಮ್ಮಣ್ಣ.”

ಅವನು ಒಂದು ಮೂಲೆಯಲ್ಲಿ ಚಪ್ಪಡಿಗಳನ್ನು ಇಳಿಜಾರಾಗಿ ಜೋಡಿಸಿ, ಗರಸು ಹರಡಿ, ಬೆರಳ ಗೆಣ್ಣು ಮುಳುಗುವಷ್ಟೇ ನೀರು ನಿಲ್ಲಿಸಿದ. ನೆಂಟರು ಜಗುಲಿಯಲ್ಲಿ ಕೂತು ಆಮೇಲಲ್ಲವೇ ಒಳಗೆ ಬರುವುದು? ಅದಕ್ಕೆಂದು ಪಕ್ಕದಲ್ಲಿ ಒಂದು ಒಣಕೊಂಬೆಯನ್ನೂ ನೆಟ್ಟ. ಸಂಜೆಗೆ ಗುಬ್ಬಿ ಕೊಂಬೆಗೆ ಬಂತು, ಅಲ್ಲಿಂದ ನೀರಿಗಿಳಿದು ಕುಡಿಯಿತು.

ಅರಸ ಎರಡನೆಯದನ್ನು ಕೇಳಿದ: “ಆಕಾಶದಲ್ಲಿ ಹೋಗುವ ಹಿಂಡು ಕೆಳಗೆ ನೋಡುವುದೇ ಇಲ್ಲ. ಗಂಟಲಿಲ್ಲದ ನೀರು ಅದನ್ನು ಕರೆಯುವುದು ಹೇಗೆ?”

“ಗಂಟಲು ನಾವು ಕೊಡೋಣ” ಎಂದು ಪಾಳೆಯಗಾರನ ಮಗನೊಬ್ಬ ಮುನ್ನುಗ್ಗಿ ಕೊಂಬು ಕಹಳೆ ಊದಿಸಿದ. ಬಂದಿದ್ದ ಗುಬ್ಬಿಯೂ ಊರು ಬಿಟ್ಟಿತು. ಅವನೂ ಒಳಗೆ ಹೋದ.

ಓಬಳ ತಳದಲ್ಲಿ ತೂತಿದ್ದ ಒಂದು ಪಾತ್ರೆಗೆ ನೀರು ತುಂಬಿ ಕೊಳದ ಮೇಲೆ ತೂಗುಹಾಕಿದ. ಹನಿ ಚಪ್ಪಡಿಯ ಮೇಲೆ ಬಿದ್ದು ಸದ್ದಿಲ್ಲದೆ ಒಡೆಯಿತು. ಬೆಳಗಿನಿಂದ ಮಧ್ಯಾಹ್ನದವರೆಗೂ ಒಂದು ರೆಕ್ಕೆ ಕಾಣಲಿಲ್ಲ. ಮಾರನೆಯ ದಿನ ಹುಣ್ಣಿಮೆ. ಅಂಗಳದಲ್ಲಿ ಕತ್ತಿ ಮಸೆಯುವುದು ಕೇಳಿಸುತ್ತಿತ್ತು. ಓಬಳನಿಗೆ ಅಣ್ಣನ ಮುಖ ಕಣ್ಣಿಗೆ ಕಟ್ಟಿತು. ಎದ್ದು ಪಾತ್ರೆಯನ್ನು ಒಂದು ಗೇಣು ಆಚೆ ಸರಿಸಿದ. ಹನಿ ಈಗ ನೀರಿಗೇ ಬಿತ್ತು. ತೊಟ್, ತೊಟ್. ಹಿಂಡೊಂದು ಆಕಾಶದಲ್ಲೇ ತಿರುಗಿತು. ಪಿಕಳಾರ, ಗೊರವಂಕ, ಗುಬ್ಬಿ, ಎಲ್ಲವೂ ಇಳಿದು ಮೂಲೆಯ ತುಂಬ ನೀರಾಟ.

ಅರಸ ಸಂಭ್ರಮದಿಂದ ಚಿತ್ರ ಬರೆದು ರಾಣಿಯ ಬಳಿಗೆ ಓಡಿದ. ಹಿಂದಿರುಗಿದಾಗ ಅವನ ಮುಖ ಇಳಿದಿತ್ತು. ಚಿತ್ರಗಳ ಕಟ್ಟನ್ನು ಉಪ್ಪರಿಗೆಯಿಂದ ಕೆಳಗೆ ಕಳಿಸಿ ಮೂರನೆಯದನ್ನು ಕೇಳಿದ: “ಇಷ್ಟು ಹಕ್ಕಿ ಬರೆದೆ. ಒಂದೂ ನನ್ನ ರಾಣಿಯ ಮುಖ ನೋಡುವುದಿಲ್ಲ. ಏಕೆ?”

ಉತ್ತರಿಸುವ ಧೈರ್ಯ ಇನ್ನಾರಿಗೂ ಉಳಿದಿರಲಿಲ್ಲ. ಓಬಳ ಒಂದೊಂದೇ ಚಿತ್ರ ನೋಡಿದ. ಎಲ್ಲವೂ ಬೆನ್ನು, ನೆತ್ತಿ, ರೆಕ್ಕೆಯ ಮೇಲ್ಭಾಗ. ಉತ್ತರ ತಕ್ಷಣ ಹೊಳೆಯಿತು, ಭಯವೂ ಆಯಿತು. ಹೇಳಿದರೆ ತನ್ನ ತಲೆ ಹೋದೀತು, ಹೇಳದಿದ್ದರೆ ಅಣ್ಣನದೂ ಹೋಗುತ್ತದೆ.

“ಬುದ್ಧಿ, ಮೇಲೆ ಕೂತವರಿಗೆ ಬೆನ್ನೇ ಕಾಣೋದು. ಮುಖ ಕಾಣ್ಬೇಕಾದ್ರೆ ಕೆಳಗಿಳಿದು ನೆಲದಲ್ಲಿ ಕೂತ್ಕೋಬೇಕು.”

ಕೊಳದ ಸುತ್ತ ತಲೆಬಾಗಿ ನಿಂತಿದ್ದ ಸಭೆಗೆ ಸಭೆಯೇ ಹೆದರಿ ಇನ್ನಷ್ಟು ಬಗ್ಗಿತು. ಅರಸ ಮೇಲಿನಿಂದ ನೋಡಿದ. ಮಂತ್ರಿ, ಸೇನಾಪತಿ, ಊಳಿಗದವರು, ಎಲ್ಲರದೂ ಬೆನ್ನೇ. ಮಂತ್ರಿಯ ಕಣ್ಣು ಎಂಥವೆಂದು ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಅವನು ಕಿರೀಟ ತೆಗೆದಿಟ್ಟು ಮೆಟ್ಟಿಲಿಳಿದು ಬಂದ.

ಓಬಳ ನೀರಿನಂಚಿನಲ್ಲಿ ಒಂದು ಗುಂಡಿ ತೋಡಿ, ಮುಂದೆ ಜೋಳದ ದಂಟಿನ ತಟ್ಟಿ ಕಟ್ಟಿದ. ಹುಣ್ಣಿಮೆಯ ಬೆಳಿಗ್ಗೆ ಅರಸ ಅದರೊಳಗೆ ಕೆಸರಿನಲ್ಲಿ ಕೂತ. ಪಿಕಳಾರವೊಂದು ಕುಡಿದು ತಲೆಯೆತ್ತಿತು, ತಟ್ಟಿಯ ಸಂದಿಯಲ್ಲಿ ನೇರವಾಗಿ ಅವನನ್ನೇ ನೋಡಿತು. ಅರಸ ಆ ನೋಟವನ್ನೇ ಬರೆದ.

“ಬೇಡಿಕೋ” ಎಂದ ಅರಸ, ಗುಂಡಿಯಿಂದೆದ್ದು.

“ನಮ್ಮಣ್ಣನ್ನ ಕೊಡಿ, ಸಾಕು.”

“ಎಲ್ಲರನ್ನೂ ಕರೆದುಕೊಂಡು ಹೋಗಯ್ಯ. ತಪ್ಪು ಅವರದಲ್ಲ.”

ರಾಣಿ ಆ ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಗೋಡೆಯ ಕಡೆ ಹೊರಳಲಿಲ್ಲ. “ಇದು ನನ್ನನ್ನ ನೋಡ್ತಿದೆ” ಎಂದಳು. ಆಮೇಲೆ ಅರಸನ ಮಂಡಿಗೆ ಮೆತ್ತಿದ ಕೆಸರು ನೋಡಿ, “ಎಲ್ಲಿ ಕೂತು ಬರೆದ್ರಿ?” ಎಂದು ಕೇಳಿದಳು.

“ನೆಲದಲ್ಲಿ, ನೀರಿನ ಪಕ್ಕ.”

“ಇಷ್ಟು ದಿನ ಚಿತ್ರ ಹೊತ್ತು ತಂದ್ರಲ್ಲ, ನನ್ನನ್ನೇ ಅಲ್ಲಿಗೆ ಹೊತ್ಕೊಂಡು ಹೋಗಬಹುದಿತ್ತು.”

ಈ ಒಗಟನ್ನು ಅರಸ ಯಾರಿಗೂ ಕೇಳಿರಲಿಲ್ಲ. ಸಂಜೆ ಸೆರೆಯಿಂದ ಬಂದ ತಿಪ್ಪನಿಗೆ ಅರಸ ತಾನೇ ಗುದ್ದಲಿ ತಂದುಕೊಟ್ಟ. ಅಣ್ಣತಮ್ಮಂದಿರು ಸೇರಿ ಆ ಗುಂಡಿಯನ್ನು ಇಬ್ಬರು ಕೂರುವಷ್ಟು ಅಗಲ ಮಾಡಿದರು.