ಬೆಂಕಿ ಆರುವ ದಿನ

"ಕೇಳ್ರಪ್ಪೋ ಕೇಳಿ! ನಾಯಕರ ತಂಗಿಯ ಮಗಳು ಹೋತಲಿಗೆ ಗಂಡು ಬೇಕು. ಮೂರು ಒಗಟು ಬಿಡಿಸಿದವನಿಗೆ ಹುಡುಗಿ. ಸೋತವನ ತಲೆ ಹೊಸ ಜೋಳದ ಹಬ್ಬದ ಮರುದಿನ ಹೋಗುತ್ತದೆ!"

ಅಮೆರಿಕದ ಮೂಲನಿವಾಸಿಗಳಾದ ಕ್ರೀಕ್ ಜನರ ಹೊಳೆಯಂಚಿನ ಊರಲ್ಲಿ ಹೀಗೆ ಡಂಗುರ ಬಿತ್ತು. ಅವರಲ್ಲಿ ಕುಲ, ಮನೆ ಎಲ್ಲ ತಾಯಿಯ ಕಡೆಯದು; ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬರುತ್ತಾನೆ. ತಂಗಿಯ ಮಗಳಿಗೆ ದಡ್ಡ ಗಂಡ ಸಿಕ್ಕರೆ ಸೋದರಮಾವನಿಗೆ ನಿದ್ದೆ ಬರುತ್ತದೆಯೇ ಹೇಳಿ!

ಮೊದಲು ಬಂದ ಬೇಟೆಗಾರ ಸೋತ. ಆಮೇಲೆ ತೆಂಕಣ ಜೌಗುನಾಡಿನ ಸೆಮಿನೋಲ್ ಜನರ ಯುವಕ ಯಾಹಾ ಬಂದ. ಬಾಯಿ ದೊಡ್ಡದು, ಅವನೂ ಸೋತ. ಇಬ್ಬರನ್ನೂ ಕಟ್ಟಿಹಾಕಿದರು. ಸುದ್ದಿ ಕೇಳಿ ಯಾಹಾನ ತಮ್ಮ ಲೋಚಾ ಓಡೋಡಿ ಬಂದ. ದೋಣಿ ಕೊರೆಯುವ ಬಡವ. ಅವನಿಗೆ ಹುಡುಗಿ ಬೇಕಿರಲಿಲ್ಲ, ಅಣ್ಣ ಬೇಕಿತ್ತು.

ಅವನು ಯಾರೆಂದು ಕೇಳದೆ ಹೋತಲಿ ಮೊದಲು ಜೋಳದ ಅಂಬಲಿ ಕೊಟ್ಟಳು.

ನಾಯಕ ಕೇಳಿದ: "ಬಂದವರ ಹೆಸರು ಕೇಳದೆ ಹೊಟ್ಟೆ ತುಂಬಿಸುವ ಮುದುಕಿ, ದಿನವಿಡೀ ಒಲೆ ಬಿಟ್ಟೇಳಳು. ಯಾರು?"

"ಈಗಷ್ಟೇ ಉಂಡೆನಲ್ಲ! ಅಂಬಲಿಯ ಗಡಿಗೆ."

"ಬದುಕಿದ್ದಾಗ ಮೂಕ, ಸತ್ತಮೇಲೆ ಹೆಂಗಸರ ಕಾಲಲ್ಲಿ ಕೂತು ಕುಣಿತಕ್ಕೆ ತಾಳ ಹಾಕುತ್ತದೆ. ಏನು?"

"ಆಮೆ. ಅದರ ಚಿಪ್ಪಿಗೆ ಹರಳು ತುಂಬಿ ನಮ್ಮಮ್ಮನೂ ಕಾಲಿಗೆ ಕಟ್ಟುತ್ತಾಳೆ."

ಕಟ್ಟಿಹಾಕಿಸಿಕೊಂಡಿದ್ದ ಯಾಹಾ, "ಯೋಚಿಸಿ ಹೇಳೋ ಲೋಚಾ!" ಎಂದು ಅಳುತ್ತಿದ್ದ.

"ವರ್ಷಕ್ಕೊಮ್ಮೆ ಸಾಯುತ್ತದೆ, ಸಾಯುವಾಗ ಊರ ಜಗಳವನ್ನೆಲ್ಲ ಹೊತ್ತೊಯ್ಯುತ್ತದೆ, ಮತ್ತೆ ಕೂಸಾಗಿ ಹುಟ್ಟುತ್ತದೆ. ಅದಾವುದು?"

ಲೋಚಾನ ಕಣ್ಣು ತುಂಬಿತು. "ಊರ ಬೆಂಕಿ, ನಾಯಕರೇ. ನಮ್ಮಜ್ಜಿ ನಿಮ್ಮೂರಿನಿಂದಲೇ ಅದರ ಕೆಂಡ ಹೊತ್ತು ಜೌಗುನಾಡಿಗೆ ಹೋದವಳು. ಹಬ್ಬದಲ್ಲಿ ಹಳೆಯ ಬೆಂಕಿ ಆರಿಸಿ ಹೊಸದು ಹೊತ್ತಿಸಿದರೆ ಹಳೆಯ ತಪ್ಪೆಲ್ಲ ಮಾಫಿ. ಹಾಗಾದರೆ ಹಬ್ಬದ ಮರುದಿನ ನಮ್ಮಣ್ಣನ ತಲೆ ಹೇಗೆ ತೆಗೆಯುತ್ತೀರಿ?"

ಹೋತಲಿ ಕಿಸಕ್ಕನೆ ನಕ್ಕಳು. "ಶಿಕ್ಷೆಯನ್ನು ಹಬ್ಬದ ಮರುದಿನಕ್ಕೇ ಇಡಿ ಎಂದು ಹಟ ಹಿಡಿದವಳು ನಾನಲ್ಲವೇ, ಮಾವ? ನನ್ನ ಮದುವೆಗೆ ಯಾರಾದರೂ ಸಾಯಬೇಕೇ?"

"ಅಯ್ಯೋ ಕಳ್ಳಿ!" ಎಂದು ಮುದಿ ನಾಯಕ ಮನಸಾರೆ ನಕ್ಕ. "ಬಿಚ್ಚಿರೋ ಇಬ್ಬರನ್ನೂ! ಲೋಚಾ, ಹುಡುಗಿ ನಿನ್ನವಳು."

"ಅವಳನ್ನೂ ಒಂದು ಮಾತು ಕೇಳಿ," ಎಂದ ಲೋಚಾ, ಕಿವಿಯವರೆಗೂ ಕೆಂಪಾಗಿ.

"ಮನೆಗೆ ಬಾ," ಎಂದಳು ಹೋತಲಿ.

ಹಬ್ಬದ ದಿನ ಹೊಸ ಕೆಂಡ ಹೊತ್ತು ಅವಳ ತಾಯಿಯ ಮನೆ ಹೊಕ್ಕವನು ಲೋಚಾ. ಆ ಒಲೆಯ ಮೊದಲ ಬಟ್ಟಲು ಅಂಬಲಿ ಉಂಡವನು ಅವನ ಅಣ್ಣ.