ಕೇಳಿಸದೆ ಅಂದ ಹೂಂ

ಮಕ್ಕಳೇ, ಕಾಲು ಮಡಚಿ ನೆಟ್ಟಗೆ ಕುಳಿತುಕೊಳ್ಳಿ. ಕಥೆಗೆ ಹೂಂಗುಟ್ಟಬೇಕು. ಆದರೆ ಕೇಳಿಸಿದರೆ ಮಾತ್ರ.

ಹಾಲಗೆರೆ ಎಂಬ ರಾಜ್ಯವನ್ನು ಮರಿದೇವಾಜಿ ಎಂಬ ರಾಣಿ ಆಳುತ್ತಿದ್ದಳು. ಬಲು ಓರಣದ ಹೆಂಗಸು. ಸೀರೆಯ ನಿರಿಗೆ ಕೂದಲೆಳೆಯಷ್ಟೂ ಓರೆಯಾಗುವಂತಿರಲಿಲ್ಲ. ಅವಳ ಸಭೆಯಲ್ಲಿ ಒಂದು ಕಟ್ಟಳೆ. ಯಾರೇ ಆಗಲಿ, ಒಮ್ಮೆ "ಹೂಂ" ಎಂದರೆ ಮುಗಿಯಿತು, ಹಿಂದೆಗೆಯುವಂತಿಲ್ಲ.

ರಾಣಿಗೆ ವಯಸ್ಸು ಏರುತ್ತಾ ಬಂತು. ಮೊದಲು ಕಿಟಕಿಯ ಗುಬ್ಬಿಗಳು ಸುಮ್ಮನಾದವು. ಆಮೇಲೆ ದಾಸಿಯರ ಕಾಲ್ಗೆಜ್ಜೆ ಸುಮ್ಮನಾಯಿತು. ಆಮೇಲೆ ಊರಿನವರೆಲ್ಲ ಮಾತು ನುಂಗತೊಡಗಿದರು. ರಾಣಿಗೆ ಹಾಗೆಯೇ ಅನ್ನಿಸಿತು.

"ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮಾತಾಡುತ್ತೀಯೇನೇ?" ಎಂದು ದಾಸಿಯರನ್ನು ಗದರಿಸಿದಳು.

ಒಮ್ಮೆ ಔತಣದಲ್ಲಿ ನೆರೆರಾಜ್ಯದ ದೊರೆ, "ಇನ್ನಷ್ಟು ತುಪ್ಪ" ಎಂದ. "ದೊರೆಗಳ ಎಲೆಗೆ ಉಪ್ಪು ಬಡಿಸಿ" ಎಂದಳು ರಾಣಿ. ಬಡಿಸಿದರು. ದೊರೆ ತುಟಿಪಿಟಕ್ಕೆನ್ನದೆ ಉಂಡ. ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಆ ನಗು ರಾಣಿಗೆ ಕೇಳಿಸಲಿಲ್ಲ, ಕಾಣಿಸಿತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಅಂದಿನಿಂದ, ತಿಳಿಯದ ಮಾತಿಗೆಲ್ಲ ತಲೆದೂಗಿ "ಹೂಂ" ಎನ್ನುವುದನ್ನು ಕಲಿತಳು. "ಏನಂದಿರಿ?" ಎಂದರೆ ಕಿವುಡಿ ಎಂದಾರು!

ಅರಮನೆಯ ಆಡಳಿತ ನೋಡುವ ಪಾರುಪತ್ತೇಗಾರ ಚಿಕ್ಕರಸ ಇದನ್ನು ಕಂಡುಕೊಂಡ. ದೊಡ್ಡವರ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದು ಆ ಊರಿನ ಮರ್ಯಾದೆ. ಅವನು ಸಿಂಹಾಸನದ ಹತ್ತಿರ ಹೋಗಿ, ಬಾಯಿ ಮುಚ್ಚಿಕೊಂಡು ಗೊಣಗಿದ.

"ಊರ ಮಾವಿನ ತೋಪು ನನ್ನ ಭಾವಮೈದುನನಿಗೆ ಇರಲಿ, ತಾಯಿ."

"ಹೂಂ."

ತೋಪಿಗೆ ಬೇಲಿ ಬಿತ್ತು.

"ಹೆಂಗಸರು ಬಟ್ಟೆ ಒಗೆಯುವ ಕೊಳ ನನ್ನ ಕುದುರೆಗಳಿಗೆ ಇರಲಿ, ತಾಯಿ."

"ಹೂಂ."

ಕೊಳಕ್ಕೆ ಕಾವಲು ಬಿತ್ತು.

"ಮುದುಕಿ ದ್ಯಾವವ್ವ ಅರಮನೆ ಬಿಟ್ಟು ಹೋಗಲಿ, ತಾಯಿ."

"ಹೂಂ."

ಸಭೆಗೆ ಕೇಳಿಸಿದ್ದು ರಾಣಿಯ ಹೂಂ ಮಾತ್ರ; ಏನು ಕೇಳಿದನೆಂದು ಆಮೇಲೆ ಚಿಕ್ಕರಸನೇ ಸಾರುತ್ತಿದ್ದ.

ದ್ಯಾವವ್ವ ಎಂದರೆ ರಾಣಿಗೆ ಹಾಲೂಡಿಸಿ ಬೆಳೆಸಿದ ಸಾಕುತಾಯಿ. ಅವಳಿದ್ದರೆ ತನ್ನ ಗುಟ್ಟು ಬಯಲಾದೀತೆಂದು ಚಿಕ್ಕರಸನಿಗೆ ಅಳುಕು. ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಅವಳು ರಾಣಿಯ ಕೋಣೆಗೆ ಬಂದಳು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು:

"ಮಗಾ, ನನ್ನನ್ನು ಹೊರಗೆ ಹಾಕಿ ಅಂದದ್ದು ನೀನೇನಾ?"

"ಹೂಂ," ಎಂದಳು ರಾಣಿ, ನಗುನಗುತ್ತಾ.

ಮುದುಕಿ ಹೊಸ್ತಿಲ ಕಡೆ ತಿರುಗಿದಳು. ಆಗ ರಾಣಿಗೆ ಗಂಟು ಕಾಣಿಸಿತು. ಒದ್ದೆಗಣ್ಣು ಕಾಣಿಸಿತು. ಓಡಿಹೋಗಿ ಅವಳ ಕೈ ಹಿಡಿದಳು.

"ಅವ್ವಾ, ನೀನು ಏನು ಕೇಳಿದೆಯೋ ನನಗೆ ಕೇಳಿಸಲಿಲ್ಲ."

"ಮತ್ತೆ ಹೂಂ ಯಾಕಂದೆ?"

ರಾಣಿ ತಲೆ ತಗ್ಗಿಸಿದಳು. "ಗುಬ್ಬಿಗಳು ಸುಮ್ಮನಾದಾಗಿನಿಂದ ಹೀಗೇ, ಅವ್ವಾ."

ದ್ಯಾವವ್ವ ಅವಳ ಗಲ್ಲ ಹಿಡಿದೆತ್ತಿ, ಬಿಡಿಸಿ ಬಿಡಿಸಿ ಹೇಳಿದಳು: "ಗುಬ್ಬಿಗಳು ಸುಮ್ಮನಾಗಿಲ್ಲ, ಮಗಾ. ಈಗಲೂ ಕೂಗ್ತಾನೇ ಇವೆ."

ಆಮೇಲೆ ತೋಪು, ಕೊಳ, ತನ್ನ ಗಡೀಪಾರು, ಎಲ್ಲವನ್ನೂ ಹೇಳಿದಳು. ಊರಿನ ಹೆಂಗಸರು ಬಟ್ಟೆಯ ಮೂಟೆ ಹೊತ್ತು ದೂರದ ಹಳ್ಳಕ್ಕೆ ಹೋಗುತ್ತಿದ್ದಾರೆಂದು ಕೇಳಿ ರಾಣಿ ಮುಖ ಮುಚ್ಚಿಕೊಂಡಳು.

ಮರುದಿನ ಸಭೆ ಸೇರಿತು. ರಾಣಿ ಚಿಕ್ಕರಸನನ್ನು ಹತ್ತಿರ ಕರೆದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಏನೋ ಪಿಸುಗುಟ್ಟಿದಳು. ಚಿಕ್ಕರಸನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಇಡೀ ಸಭೆ ಅವನನ್ನೇ ನೋಡುತ್ತಿತ್ತು. ರಾಣಿಯ ಮಾತು ತಿಳಿಯಲಿಲ್ಲ ಎನ್ನುವುದು ಹೇಗೆ?

"ಹೂಂ, ತಾಯಿ."

ಮತ್ತೆ ಪಿಸುಗುಟ್ಟಿದಳು. "ಹೂಂ, ತಾಯಿ."

ಮೂರನೆಯ ಸಲವೂ "ಹೂಂ, ತಾಯಿ."

ರಾಣಿ ಸೆರಗು ತೆಗೆದಳು. "ತೋಪನ್ನು ಊರಿಗೆ ಬಿಡುತ್ತೀಯಾ ಎಂದು ಕೇಳಿದೆ, ನೀನು ಹೂಂ ಎಂದೆ. ಕೊಳ ಬಿಡುತ್ತೀಯಾ ಎಂದು ಕೇಳಿದೆ, ಹೂಂ ಎಂದೆ. ದ್ಯಾವವ್ವನ ಬದಲು ನೀನೇ ಅರಮನೆ ಬಿಡುತ್ತೀಯಾ ಎಂದು ಕೇಳಿದೆ, ಅದಕ್ಕೂ ಹೂಂ ಎಂದೆ."

"ಅಯ್ಯೋ, ನನಗೆ ಕೇಳಿಸಲೇ ಇಲ್ಲ ತಾಯಿ!"

"ನನಗೂ ಕೇಳಿಸಿರಲಿಲ್ಲ, ಚಿಕ್ಕರಸ."

ರಾಣಿಯ ಮುಖ ಕೆಂಪಾಗಿತ್ತು. ಆದರೂ ಎದ್ದು ನಿಂತು ಹೇಳಿದಳು: "ನನ್ನ ಕಿವಿ ಮಂದವಾಗಿದೆ. ಅದನ್ನು ಮುಚ್ಚಿಟ್ಟು ನಿಮಗೆಲ್ಲ ಅನ್ಯಾಯ ಮಾಡಿದೆ. ಇನ್ನು ನನ್ನ ಮುಂದೆ ಯಾರೂ ಬಾಯಿಗೆ ಕೈ ಅಡ್ಡ ಹಿಡಿಯಬೇಡಿ. ಎದುರು ನಿಂತು, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳುತ್ತೇನೆ."

ಚಿಕ್ಕರಸ ಪೆಚ್ಚುಮೋರೆ ಹಾಕಿಕೊಂಡು ಅರಮನೆ ಬಿಟ್ಟ. ಅಂದೇ ತೋಪಿನ ಬೇಲಿ ಕಿತ್ತರು, ಕೊಳದ ಕಾವಲು ತೆಗೆದರು.

ಆದ್ದರಿಂದ ಮಕ್ಕಳೇ, ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ನಾಚಿಕೊಂಡು ಮುಚ್ಚಿಟ್ಟರೆ, ನಮ್ಮ ನಾಚಿಕೆಗೆ ನಮ್ಮನ್ನು ನಂಬಿದವರು ದಂಡ ತೆರಬೇಕಾಗುತ್ತದೆ.