ಕಣ್ಣಿನ ಮಟ್ಟ

ಅಂದು ಮಂಗಳವಾರ. ಕುಡಿಯುವ ನೀರಿನ ಪ್ರಯೋಗಾಲಯದ ಹಿರಿಯ ಸಹಾಯಕಿ ಫಕೀರವ್ವ ಎಂದಿನಂತೆ ಗಾಜಿನ ಸಾಮಾನು ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಿದ್ದಳು. ಪ್ರಯೋಗಾಲಯದ ಮುಖ್ಯಸ್ಥ ಮಠಪತಿ ಸಾಹೇಬರು ತರಬೇತಿ ಪುಸ್ತಕ ಹಿಡಿದು, ಹೊಸದಾಗಿ ಸೇರಿದ್ದ ಮೂವರು ಸಹಾಯಕರೊಂದಿಗೆ ಬಂದರು.

“ನಾಳೆ ತಪಾಸಣೆ ಅದ. ಮೂರೂ ಹೊಸಬರು ಕೆಲಸ ಕಲತಾರ ಅಂತ ಸಹಿ ಮಾಡು. ಇಲ್ಲಾಂದ್ರ ನಿನಗ ವರ್ಗ ಆಗ್ತದ.”

“ಮಾಡ್ತೀನ್ರಿ ಸಾಹೇಬ್ರ. ಮೊದಲ ಈ ಅಳತಿ ಕೊಳವ್ಯಾಗ ನೀರು ಯಾವ ಗೆರೀಗೆ ನಿಂತದ, ನೀವು ನಾಲ್ಕೂ ಮಂದಿ ನೋಡಿ ಚೀಟಿ ಬರೀರಿ.”

ಎತ್ತರದವರು, ಗಿಡ್ಡರು, ಎಲ್ಲರೂ ನಿಂತಲ್ಲಿಂದಲೇ ನೋಡಿ ಬರೆದರು. ಚೀಟಿ ಬಿಚ್ಚಿದರೆ ನಾಲ್ಕು ಬೇರೆ ಅಂಕಿ.

“ನಂದ ಖರೆ,” ಎಂದರು ಸಾಹೇಬರು.

“ಇರಬಹುದ್ರಿ. ಆದ್ರ ಊರ ಮಂದಿ ಯಾರ ಅಂಕಿ ನಂಬಿ ನೀರು ಕುಡೀಬೇಕ್ರಿ?”

ಫಕೀರವ್ವ ಹೊಸಬರ ಕಡೆ ತಿರುಗಿದಳು.

“ನೀರು ನಮ್ಮ ಕಣ್ಣಿನ ತನಕ ಏಳಂಗಿಲ್ರಿ. ನಾವ ಇಳೀಬೇಕು.”

ಹೊಸಬರು ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಮತ್ತೆ ಓದಿದರು. ಮೂವರಿಗೂ ಒಂದೇ ಅಂಕಿ ಬಂತು.

“ಇನ್ನೂ ಎಂಟು ದಿನ ಹಿಂಗ ಮಾಡಸ್ತೀನ್ರಿ. ಆಮೇಲೆ ಸಹಿ.”

“ಆಗಲಿ. ತರಬೇತಿ ನಡದದ ಅಂತ ನಾಳೆ ನಾನ ಹೇಳ್ತೀನಿ,” ಎಂದ ಸಾಹೇಬರು, ಎಲ್ಲರನ್ನೂ ಚಹಾಕ್ಕೆ ಕಳಿಸಿ ಒಳಗಿನಿಂದ ಬಾಗಿಲು ಹಾಕಿಕೊಂಡರು.

ಹೊರಗೆ ಬಂದಾಗ ಅವರ ಇಸ್ತ್ರಿ ಪ್ಯಾಂಟಿನ ಎರಡೂ ಮಂಡಿಗೆ ಧೂಳು ಹತ್ತಿತ್ತು.